ಐಸಿಡಿ ಹಾಕಿದ ಮೇಲೆ ಹೃದಯದ ಲಯ ಬೇಕಂತಲೇ ಕೆಡಿಸುತ್ತಿದ್ದದ್ದು ಯಾಕೆ?

ಐಸಿಡಿ ಅಂದರೆ ಹೃದಯದ ಲಯ ಅಪಾಯಕಾರಿಯಾಗಿ ಕೆಟ್ಟಾಗ ತಾನೇ ಶಾಕ್ ಕೊಟ್ಟು ಸರಿಪಡಿಸಲು ಮೈಯೊಳಗೆ ಇಡುವ ಸಣ್ಣ ಮೆಷಿನ್. ಕೊಡಗಿನವರು ಅದನ್ನು ಹಾಕಿಸಿಕೊಳ್ಳಲು ಸಾಮಾನ್ಯವಾಗಿ ಮೈಸೂರಿಗೋ ಮಂಗಳೂರಿಗೋ ಹೋಗುತ್ತಾರೆ. ವಾಪಸ್ ಬಂದ ಮೇಲೆ ಮನೆಯಲ್ಲಿ ಹೋಲಿಕೆ ಶುರುವಾಗುತ್ತದೆ. ಹಿಂದೆ ಹಾಕಿಸಿಕೊಂಡ ದೊಡ್ಡಪ್ಪನಿಗೆ ಟೇಬಲ್ ಮೇಲೆಯೇ ಹೃದಯದ ಲಯ ಕೆಡಿಸಿ ಮೆಷಿನ್ ಪರೀಕ್ಷೆ ಮಾಡಿದ್ದರಂತೆ. ಈಗ ಅಣ್ಣನಿಗೆ ಮಾಡಲಿಲ್ಲ. ಡಾಕ್ಟರು ಅಸಡ್ಡೆ ಮಾಡಿದರಾ? ಇಲ್ಲ. ಇದರ ಹಿಂದೆ ದೊಡ್ಡ ಕಥೆಯೇ ಇದೆ.

1966ರಲ್ಲಿ ಮಿಶೆಲ್ ಮಿರೋವ್‌ಸ್ಕಿ ಎಂಬ ವೈದ್ಯರ ಗುರು ಹೃದಯದ ಲಯ ತಪ್ಪಿ ತೀರಿಕೊಂಡರು. ಶಾಕ್ ಕೊಡುವ ಯಂತ್ರ ಆಸ್ಪತ್ರೆಯಲ್ಲಿದ್ದರೆ ಸಾಲದು, ಎದೆಯೊಳಗೇ ಇರಬೇಕು ಎಂದು ಮಿರೋವ್‌ಸ್ಕಿ ಹಟ ಹಿಡಿದರು. 1980ರ ಫೆಬ್ರವರಿ 4ರಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮನುಷ್ಯರಿಗೆ ಮೊದಲ ಸಲ ಅದನ್ನು ಹಾಕಿದರು. ಆಗ ಎದೆ ಸೀಳಿ, ಹೃದಯದ ಮೇಲೆಯೇ ಶಾಕ್ ಕೊಡುವ ಪಟ್ಟಿ ಹೊಲಿಯಬೇಕಿತ್ತು. ಶಾಕ್ ಸಾಕಾಗದಿದ್ದರೆ ಆ ಪಟ್ಟಿಯ ಜಾಗವನ್ನೇ ಬದಲಿಸಬೇಕು. ಅದು ಗೊತ್ತಾಗುವುದು ಪರೀಕ್ಷೆಯಿಂದ ಮಾತ್ರ.

ಪರೀಕ್ಷೆ ಹೀಗೆ: ರೋಗಿಗೆ ಮಂಪರು ಬರಿಸಿ, ಹೊರಗಿನ ಶಾಕ್ ಯಂತ್ರದ ಪ್ಯಾಡ್‌ಗಳನ್ನೂ ಮೈಗೆ ಅಂಟಿಸಿರುತ್ತಾರೆ. ಬಡಿತದ ನಂತರ ಹೃದಯ ಸುಧಾರಿಸಿಕೊಳ್ಳುವ ಸರಿಯಾದ ಕ್ಷಣಕ್ಕೆ ಒಂದು ಜೌಲ್‌ನಷ್ಟು (ಜೌಲ್ ಅಂದರೆ ಶಕ್ತಿಯ ಅಳತೆ) ಸಣ್ಣ ಶಾಕ್ ಕೊಟ್ಟರೆ ಕೆಳಗಿನ ಕೋಣೆಗಳು ಬಡಿಯುವುದು ಬಿಟ್ಟು ನಡುಗುತ್ತವೆ. ರಕ್ತ ಹರಿಯುವುದಿಲ್ಲ. ಮೆಷಿನ್ ಅದನ್ನು ಗುರುತಿಸಿ, ಚಾರ್ಜ್ ಆಗಿ, ಶಾಕ್ ಕೊಡಬೇಕು. ಅದೂ ತನ್ನ ಪೂರ್ತಿ ಶಕ್ತಿಗಿಂತ 10 ಜೌಲ್ ಕಡಿಮೆಯಲ್ಲೇ ಗೆಲ್ಲಬೇಕು. ಆ ಕೆಲವು ಸೆಕೆಂಡು ಕೋಣೆಯಲ್ಲಿರುವವರೆಲ್ಲರ ಕಣ್ಣು ಪರದೆಯ ಮೇಲೇ ಇರುತ್ತದೆ.

ಆಮೇಲೆ ಪಟ್ಟಿಯ ಬದಲು ಶಾಕ್ ಒಯ್ಯುವ ತಂತಿ ರಕ್ತನಾಳದ ಮೂಲಕ ಹೃದಯಕ್ಕೆ ಹೋಗತೊಡಗಿತು, ಶಾಕ್‌ನ ಅಲೆಯೂ ಸುಧಾರಿಸಿತು. ಪರೀಕ್ಷೆಯಲ್ಲಿ ಸೋಲುವುದು ಅಪರೂಪವಾಯಿತು. ಪಾರ್ಶ್ವವಾಯು, ಹೃದಯ ಸುಸ್ತಾಗುವುದು, ಅಪರೂಪಕ್ಕೆ ಸಾವು, ಪರೀಕ್ಷೆಯ ಈ ಅಪಾಯ ಮಾತ್ರ ಉಳಿದೇ ಇತ್ತು. 2015ರಲ್ಲಿ ಪ್ರಕಟವಾದ ಸಿಂಪಲ್ (SIMPLE) ಎಂಬ ಹೆಸರಿನ ಅಧ್ಯಯನ 2,500 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿತು. ಶಾಕ್ ವಿಫಲವಾಗುವುದು ಅಥವಾ ಲಯ ತಪ್ಪಿ ಸಾಯುವುದು ಪರೀಕ್ಷೆ ಮಾಡದವರಲ್ಲಿ ವರ್ಷಕ್ಕೆ ನೂರರಲ್ಲಿ 7, ಮಾಡಿದವರಲ್ಲಿ 8. ಪರೀಕ್ಷೆ ಬಿಟ್ಟವರಿಗೆ ನಷ್ಟವೇನೂ ಆಗಿರಲಿಲ್ಲ. ಎಡಗಡೆ ಹಾಕುವ ಮಾಮೂಲಿ ಐಸಿಡಿಗೆ ಈಗ ಪರೀಕ್ಷೆ ಬಿಡುವುದೇ ಜಾಸ್ತಿ. ಬಲಗಡೆ ಹಾಕಿದರೆ, ಅಥವಾ ತಂತಿ ಚರ್ಮದಡಿಯಲ್ಲೇ ಇರುವ ಮಾದರಿಯಾದರೆ, ಪರೀಕ್ಷೆ ಮಾಡಿಸುವುದಕ್ಕೆ ಇನ್ನೂ ಕಾರಣವಿದೆ.

ನನಗೆ ಹೆಚ್ಚು ಚಿಂತೆ ಬೇರೆಯದು. ಮಳೆಗಾಲದ ರಸ್ತೆ, ಕಾಫಿ ಕೊಯ್ಲು ಅಂತ ಆಮೇಲಿನ ಚೆಕಪ್ ತಪ್ಪಿಸುವವರು ನಮ್ಮಲ್ಲಿದ್ದಾರೆ. ತಂತಿ, ಬ್ಯಾಟರಿ ಸರಿ ಇವೆಯಾ ಅಂತ ಗೊತ್ತಾಗುವುದು ಅಲ್ಲೇ ಅಲ್ವಾ? ಆನೆ ತಡೆಯಲು ಹಾಕಿದ ಸೋಲಾರ್ ಬೇಲಿಯನ್ನಂತೂ ಐಸಿಡಿ ಇರುವವರು ಮುಟ್ಟಲೇಬಾರದು. ಆ ಕರೆಂಟನ್ನೇ ಹೃದಯದ ಲಯ ಅಂದುಕೊಂಡು ಮೆಷಿನ್ ಬೇಡದ ಶಾಕ್ ಕೊಡಬಹುದು. ತೋಟದಲ್ಲಿ ಕಳೆ ಕೊಚ್ಚುವ ಮೆಷಿನ್ ಹಿಡಿಯುವ ಮುಂಚೆಯೂ ಡಾಕ್ಟರನ್ನು ಒಂದು ಮಾತು ಕೇಳಿ.