ಮೂರನೇ ದಿನದ ಹಳದಿ

ಮಗು ಹುಟ್ಟಿ ಮೂರು ದಿನ. ಆಸ್ಪತ್ರೆಯಿಂದ ಮನೆಗೆ ಬಂದಾಗಿದೆ. ನೋಡಲು ಬಂದ ದೊಡ್ಡಮ್ಮ ಬಟ್ಟೆ ಸರಿಸಿ, "ಮಗು ಯಾಕೋ ಹಳದಿ ಇದೆಯಲ್ಲೇ" ಅನ್ನುತ್ತಾರೆ. "ಏನಾಗಲ್ಲ, ಬೆಳಗಿನ ಬಿಸಿಲಿಗೆ ಹಿಡೀರಿ, ಹೋಗುತ್ತೆ" ಅಂತ ಪಕ್ಕದ ಮನೆಯವರು. ಹೆಚ್ಚಿನ ಸಲ ಹೋಗಿಯೂ ಹೋಗುತ್ತದೆ, ಅದಕ್ಕೇ ಹೋಗದಿದ್ದಾಗ ನಮಗೆ ತಡವಾಗಿ ಗೊತ್ತಾಗುವುದು.

ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲೇ 100ಕ್ಕೆ ಸುಮಾರು 60 ಮಕ್ಕಳಿಗೆ ಮೊದಲ ವಾರ ಕಾಮಾಲೆ ಕಾಣಿಸುತ್ತದೆ. ಕೆಂಪು ರಕ್ತಕಣ ಒಡೆದಾಗ ಬಿಲಿರುಬಿನ್ ಅನ್ನುವ ಹಳದಿ ವಸ್ತು ಹುಟ್ಟುತ್ತದೆ. ನಮ್ಮ ರಕ್ತಕಣ 120 ದಿನ ಬಾಳಿದರೆ ಕೂಸಿನದು 70ರಿಂದ 90 ದಿನ, ಅದರ ಮೇಲೆ ಕಣಗಳೂ ಜಾಸ್ತಿ. ಹೊಟ್ಟೆಯಲ್ಲಿದ್ದಾಗ ಅಮ್ಮನ ಲಿವರ್ ಈ ಕಸ ತೆಗೆಯುತ್ತಿತ್ತು. ಈಗ ಮಗುವಿನ ಲಿವರ್ರೇ ತೆಗೆಯಬೇಕು, ಅದಕ್ಕೆ ಇನ್ನೂ ಕೈ ಪಳಗಿಲ್ಲ. ಹಾಲು ಸಾಲದೆ ಕಕ್ಕ ಸರಿಯಾಗಿ ಆಗದಿದ್ದರೆ ಕರುಳಿಗೆ ಬಂದದ್ದೂ ವಾಪಸ್ ರಕ್ತಕ್ಕೇ ಹೋಗುತ್ತದೆ.

ಕಣಗಳು ಒಂದೇ ಸಮನೆ ಒಡೆಯತೊಡಗಿದರೆ ಮಾತ್ರ ಕಥೆ ಬೇರೆ. ಅಮ್ಮನ ರಕ್ತದ ಗುಂಪು ನೆಗೆಟಿವ್, ಮಗುವಿನದು ಪಾಸಿಟಿವ್. ಅಥವಾ ಅಮ್ಮ ಓ, ಮಗು ಎ ಇಲ್ಲವೇ ಬಿ. ಆಗ ಅಮ್ಮನಿಂದ ಬಂದ ಪ್ರತಿಕಾಯಗಳು (ಹೊರಗಿನದು ಅನ್ನಿಸಿದ್ದರ ಮೇಲೆ ಎರಗುವ ಪ್ರೋಟೀನುಗಳು) ಮಗುವಿನ ಕಣಗಳನ್ನೇ ಒಡೆಯಬಹುದು. ಕೆಲವು ಮಕ್ಕಳಿಗೆ, ಗಂಡುಮಕ್ಕಳಿಗೆ ಜಾಸ್ತಿ, ರಕ್ತಕಣ ಒಡೆಯದಂತೆ ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಮೆತ್ತಗಿದೆ ಅಂತ ಟ್ರಂಕಿನಿಂದ ತೆಗೆದ ಹಳೇ ಸೀರೆಯನ್ನು ಒಗೆಯದೆ ಸುತ್ತಿದರೆ, ಅದರೊಳಗಿದ್ದ ನುಸಿಗುಳಿಗೆಯ ಆವಿಯೇ ಇಂಥ ಮಗುವಿನ ಕಣ ಒಡೆಯಲು ಸಾಕಾಗಬಹುದು.

ಬಿಲಿರುಬಿನ್ ಮಿತಿ ಮೀರಿದರೆ ಮಿದುಳಿಗೆ ಇಳಿಯುತ್ತದೆ. ಮಗು ಮೊದಲು ಮಂಕಾಗುತ್ತದೆ, ಎಬ್ಬಿಸಿದರೂ ಹಾಲು ಚೀಪುವುದಿಲ್ಲ. "ಪಾಪ, ಚೆನ್ನಾಗಿ ಮಲಗಿದೆ" ಅಂದುಕೊಳ್ಳುತ್ತೇವೆ. ಆಮೇಲೆ ಕೀರಲು ಅಳು, ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತದೆ. ಬದುಕಿ ಉಳಿದವರಲ್ಲಿ ಕೈಕಾಲು ಹಿಡಿತಕ್ಕೆ ಸಿಗದೆ ತಿರುಚುವುದು, ಕಿವುಡು, ಕಣ್ಣನ್ನು ಮೇಲಕ್ಕೆ ಎತ್ತಲಾಗದಿರುವುದು ಶಾಶ್ವತವಾಗಿ ಉಳಿಯಬಹುದು. ಬುದ್ಧಿ ಎಷ್ಟೋ ಸಲ ಚುರುಕಾಗಿಯೇ ಇರುತ್ತದೆ, ದೇಹ ಮಾತು ಕೇಳುವುದಿಲ್ಲ ಅಷ್ಟೇ.

ಹಾಗಾದರೆ ಬಿಸಿಲಿನ ಮಾತು ಸುಮ್ನೆನಾ? ಅಲ್ಲ. 1956ರಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ನರ್ಸ್ ಕೂಸುಗಳನ್ನು ಅಂಗಳದ ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಒಂದು ಮಗುವಿನ ಮೈಯೆಲ್ಲ ತಿಳಿಯಾಗಿತ್ತು, ಒಂದು ತ್ರಿಕೋನದಷ್ಟು ಜಾಗ ಮಾತ್ರ ಗಾಢ ಹಳದಿ. ಬಟ್ಟೆಯ ಮೂಲೆ ಮುಚ್ಚಿದ್ದ ಜಾಗ ಅದು! ಈಗ ಆಸ್ಪತ್ರೆಗಳಲ್ಲಿ ಕಾಣುವ ನೀಲಿ ಲೈಟು ಅಲ್ಲಿಂದ ಶುರು. ಬೆಳಕು ಬಿಲಿರುಬಿನ್‌ನ ಆಕಾರ ಬದಲಿಸಿ, ಲಿವರ್ ಸಂಸ್ಕರಿಸದಿದ್ದರೂ ಹೊರಹೋಗುವಂತೆ ಮಾಡುತ್ತದೆ. ಆದರೆ ಬಟ್ಟೆ ಸುತ್ತಿದ ಮಗುವಿಗೆ ಹತ್ತು ನಿಮಿಷದ ಎಳೆಬಿಸಿಲು ಎಲ್ಲಿ, ಬರೀ ಮೈಮೇಲೆ ಗಂಟೆಗಟ್ಟಲೆ ಬೀಳುವ ಲೈಟು ಎಲ್ಲಿ? ಅದಕ್ಕೂ ಬಗ್ಗದಿದ್ದರೆ ರಕ್ತವನ್ನೇ ಬದಲಿಸಬೇಕಾಗುತ್ತದೆ.

ಕಿಟಕಿಯ ಬೆಳಕಿನಲ್ಲಿ ಮಗುವಿನ ಹಣೆಯನ್ನು ಬೆರಳಿಂದ ಮೆಲ್ಲಗೆ ಒತ್ತಿ ಬಿಡಿ, ಕಾಮಾಲೆ ಇದ್ದರೆ ಒತ್ತಿದಲ್ಲಿ ಹಳದಿ ಕಾಣುತ್ತದೆ. ಮೈಬಣ್ಣ ಕಪ್ಪಿದ್ದರೆ ಕಣ್ಣಿನ ಬಿಳಿ, ಒಸಡು ನೋಡಿ. ಎಷ್ಟಿದೆ ಅಂತ ಹೇಳುವುದು ಪರೀಕ್ಷೆ ಮಾತ್ರ. ಮೊದಲ 24 ಗಂಟೆಯಲ್ಲೇ ಹಳದಿಯಾದರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಹಾಲು ಬಿಟ್ಟರೆ ರಾತ್ರಿಯಾದರೂ ಹೊರಡಿ. ಎರಡು ವಾರ ದಾಟಿಯೂ ಹಳದಿ ಉಳಿದು ಕಕ್ಕ ಸುಣ್ಣದಂತೆ ಬೆಳ್ಳಗಿದ್ದರೆ ಲಿವರ್‌ನಿಂದ ಕರುಳಿಗೆ ಪಿತ್ತ ಹರಿಯುವ ಪಿತ್ತನಾಳ ಮುಚ್ಚಿರಬಹುದು. ಅದಕ್ಕೆ ಬಿಸಿಲೂ ಸಾಲದು, ನೀಲಿ ಲೈಟೂ ಸಾಲದು. ಆಪರೇಷನ್ನೇ ಬೇಕು, ಅದೂ ಮಗುವಿಗೆ ಎರಡು ತಿಂಗಳು ತುಂಬುವುದರೊಳಗೆ.