ಕೂಗು ಎಣಿಸುವ ಏರ್ ಫ್ರೈಯರ್

ಶಿವಮೊಗ್ಗದ ನಮ್ಮ ಮನೆಯಲ್ಲಿ ಅಡುಗೆಮನೆಗೂ ಹಿತ್ತಲಿಗೂ ನಡುವೆ ಎರಡು ಬಾಗಿಲು. ಅಮ್ಮ ಬೆಂಡೆಕಾಯಿಯನ್ನು ಏರ್ ಫ್ರೈಯರ್‌ಗೆ ಹಾಕಿ ಕನಕಾಂಬರದ ಗಿಡಗಳ ಹತ್ತಿರ ಹೋದರೆ ಯಂತ್ರದ ಬೀಪ್ ಸದ್ದು ಕೇಳಿಸುವುದಿಲ್ಲ. ಅದಕ್ಕೇ ತಂಗಿ ವೈಫೈ ಇರುವ ಹೊಸ ಏರ್ ಫ್ರೈಯರ್ ಕಳಿಸಿದಳು. ಅಡುಗೆ ಆದ ಕೂಡಲೇ ಅಮ್ಮನ ಕೈಯಲ್ಲಿರುವ ಫೋನ್ ಗುಂಯ್ ಅನ್ನುತ್ತದೆ. ಒಳ್ಳೆ ಯೋಚನೆ. ಆದರೆ ಯಂತ್ರ ವೈಫೈಗೆ ಸೇರಲೇ ಇಲ್ಲ. ಆ್ಯಪ್‌ನಲ್ಲಿ ಚಕ್ರ ತಿರುಗುತ್ತದೆ, ಎರಡು ನಿಮಿಷ ಆಗುತ್ತದೆ, ‘ಸಂಪರ್ಕ ಸಾಧ್ಯವಾಗಿಲ್ಲ’ ಅನ್ನುತ್ತದೆ. ಯಂತ್ರದ ಮೇಲಿನ ಪುಟ್ಟ ನೀಲಿ ದೀಪ ಮಾತ್ರ ಬೇಗ ಬೇಗ ಮಿಟುಕುತ್ತಲೇ ಇರುತ್ತದೆ.

ನಾನು ಊರಿಗೆ ಹೋಗುವ ಹೊತ್ತಿಗೆ ಮೂರು ಸಲಹೆಗಳು ಬಂದು ಕೂತಿದ್ದವು. ಕಸ್ಟಮರ್ ಕೇರ್‌ನವರು ಪೀಸೇ ಸರಿಯಿಲ್ಲ, ವಾಪಸ್ ಕಳಿಸಿ ಅಂದಿದ್ದರು. ಚಿಕ್ಕಪ್ಪನ ಮಗ ಇಂಟರ್‌ನೆಟ್ ಪ್ಲಾನ್ ಜಾಸ್ತಿ ಮಾಡಿಸಿ ಅಂದಿದ್ದ. ಪಕ್ಕದ ಮನೆಯ ಮಾವ, ಆಗ್ನೇಯ ಮೂಲೆ ಅಗ್ನಿಯ ಜಾಗ, ಅಲ್ಲಿ ವೈಫೈ ನಿಲ್ಲುವುದಿಲ್ಲ, ಈಶಾನ್ಯಕ್ಕೆ ಇಟ್ಟು ನೋಡಿ ಅಂದಿದ್ದರು.

ಮಾವನ ಮೇಲೆ ನನಗೆ ತುಂಬಾ ಪ್ರೀತಿ. ಆದರೆ ಈ ಮಾತು ಕೇಳಿ ನಿಜಕ್ಕೂ ಸಂಕಟವಾಯಿತು. ರೇಡಿಯೋ ಅಲೆಗೆ ದಿಕ್ಕಿನ ದೋಷವಿಲ್ಲ. ಗೋಡೆ, ಕಬ್ಬಿಣ, ನೀರು, ದೂರ, ಬೇರೆ ಅಲೆಗಳ ಗದ್ದಲ, ಇವಷ್ಟೇ ಅದಕ್ಕೆ ಅಡ್ಡಿ. ಯಂತ್ರವನ್ನು ಜಾಗ ಬದಲಿಸಿದಾಗ ಅಕಸ್ಮಾತ್ ಕೆಲಸ ಮಾಡಿಬಿಟ್ಟರೆ ಹೆಸರು ವಾಸ್ತುವಿಗೆ ಹೋಗುತ್ತದೆ. ನಡುವೆ ಇದ್ದ ಫ್ರಿಜ್ ತಪ್ಪಿತು ಅನ್ನುವುದು ಯಾರಿಗೂ ಹೊಳೆಯುವುದೇ ಇಲ್ಲ. ಪ್ಲಾನ್ ಜಾಸ್ತಿ ಮಾಡಿಸುವ ಮಾತೂ ಅಷ್ಟೇ. ವೈಫೈ ಪಾಸ್‌ವರ್ಡ್ ಅಂದರೆ ಹೆಚ್ಚೆಂದರೆ 63 ಅಕ್ಷರ. ಅದು ಫೋನಿನಿಂದ ಯಂತ್ರಕ್ಕೆ, ಅದೇ ಮನೆಯೊಳಗೆ ಹೋಗಬೇಕು. ಅದಕ್ಕೆ ಹೊರಗಿನ ಲೈನಿನ ವೇಗ ಏನು ಮಾಡೀತು?

ನಿಜವಾದ ಪ್ರಶ್ನೆ ಇರುವುದು ಇಲ್ಲೇ. ಏರ್ ಫ್ರೈಯರ್‌ಗೆ ಕೀಬೋರ್ಡ್ ಇಲ್ಲ, ಪರದೆ ಇಲ್ಲ. ವೈಫೈಗೆ ಸೇರಲು ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ವೈಫೈ ಮೂಲಕ ಬರಬೇಕು ಅಂದರೆ ಮೊದಲೇ ವೈಫೈಗೆ ಸೇರಿರಬೇಕು. ಬೀಗದ ಕೈ ಮನೆಯೊಳಗೇ ಉಳಿದು ಬಾಗಿಲು ಹಾಕಿಕೊಂಡ ಹಾಗೆ. ಇದನ್ನು ಎಂಜಿನಿಯರುಗಳು ಬಿಡಿಸಿದ ಬಗೆ ಇದೆಯಲ್ಲ, ಅದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ವೈಫೈಯಲ್ಲಿ ಮಾಹಿತಿ ಪ್ಯಾಕೆಟ್ ಅನ್ನುವ ಪುಟ್ಟ ತುಣುಕುಗಳಾಗಿ ಹೋಗುತ್ತದೆ. ಪಾಸ್‌ವರ್ಡ್ ಇರುವ ಕಡೆ ಅಂಥ ಪ್ರತಿ ಪ್ಯಾಕೆಟ್‌ಗೂ ಬೀಗ ಇರುತ್ತದೆ. ಪಾಸ್‌ವರ್ಡ್ ಗೊತ್ತಿಲ್ಲದವರಿಗೆ ಒಳಗಿನ ಮಾತು ಬರೀ ಗೊಂದಲ. ಆದರೆ ಅಲೆ ಹೋಗುವುದು ಗಾಳಿಯಲ್ಲಿ. ಹತ್ತಿರ ಇರುವ ಯಾವ ರೇಡಿಯೋ ಆದರೂ ಅದನ್ನು ಕೇಳಿಸಿಕೊಳ್ಳಬಹುದು. ಒಳಗೆ ಏನಿದೆ ಅಂತ ತಿಳಿಯದಿದ್ದರೂ ಪ್ಯಾಕೆಟ್ ಎಷ್ಟು ಉದ್ದ ಅಂತ ತಿಳಿಯುತ್ತದೆ. ಫೋನ್ ಆ ಉದ್ದದಲ್ಲೇ ಪಾಸ್‌ವರ್ಡನ್ನು ಹೇಳುತ್ತದೆ!

ಪಕ್ಕದ ಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಮುಚ್ಚಳದ ಒಳಗೆ ಏನಿದೆ ಅಂತ ನಮಗೆ ಕಾಣುವುದಿಲ್ಲ. ಆದರೆ ಎಷ್ಟು ಕೂಗು ಕೂಗಿತು ಅಂತ ಎಣಿಸಬಹುದು. ಆ ಮನೆಯವರೂ ನಾವೂ ಮೊದಲೇ ಮಾತಾಡಿಕೊಂಡಿದ್ದೇವೆ ಅಂತಿಟ್ಟುಕೊಳ್ಳಿ. ಮೂರು ಕೂಗಿದರೆ ಊಟಕ್ಕೆ ಬನ್ನಿ, ಐದು ಕೂಗಿದರೆ ನೆಂಟರು ಬಂದಿದ್ದಾರೆ. ಆಗ ಒಳಗೆ ಬೇಳೆ ಬೇಯಲಿ, ಅಕ್ಕಿ ಬೇಯಲಿ, ಸುದ್ದಿ ಮುಟ್ಟುತ್ತದೆ.

ಇನ್ನೂ ಹತ್ತಿರದ ಹೋಲಿಕೆ ಬೇಕಾದರೆ ನಮ್ಮ ಛಂದಸ್ಸೇ ಇದೆ. ಪಕ್ಕದ ಕೋಣೆಯಲ್ಲಿ ಯಾರೋ ಗಮಕ ವಾಚನ ಮಾಡುತ್ತಿದ್ದಾರೆ. ಮಾತು ಒಂದೂ ತಿಳಿಯುತ್ತಿಲ್ಲ. ಆದರೂ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಗಳ ನಡೆ ಕಿವಿಗೆ ಬಿದ್ದ ಕೂಡಲೇ ಇದು ಭಾಮಿನಿ ಷಟ್ಪದಿ ಅಂತ ಗೊತ್ತಾಗುತ್ತದೆ ಅಲ್ವಾ? ಅರ್ಥ ಹೋದರೂ ಲಘು ಗುರು ಉಳಿದುಕೊಳ್ಳುತ್ತವೆ. ಏರ್ ಫ್ರೈಯರ್ ಕೇಳಿಸಿಕೊಳ್ಳುವುದು ಬರೀ ಆ ಲಘು ಗುರುಗಳನ್ನು.

ಒಂದು ತೊಡಕಿದೆ. ಬೀಗ ಹಾಕಿದಾಗ ಪ್ಯಾಕೆಟ್ ಸ್ವಲ್ಪ ಉದ್ದವಾಗುತ್ತದೆ. ಎಷ್ಟು ಉದ್ದವಾಗುತ್ತದೆ ಅನ್ನುವುದು ಬೀಗದ ಬಗೆಯ ಮೇಲೆ ಹೋಗುತ್ತದೆ. ಹಾಗಾಗಿ ಮೊದಲು ಶ್ರುತಿ ಕೂಡಿಸಬೇಕು. ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯ ವಿಧಾನದಲ್ಲಿ ಫೋನ್ ಮೊದಲಿಗೆ 515, 514, 513, 512 ಬೈಟ್ ಉದ್ದದ ನಾಲ್ಕು ಪ್ಯಾಕೆಟ್‌ಗಳನ್ನು ಮತ್ತೆ ಮತ್ತೆ ಕಳಿಸುತ್ತದೆ. ಯಂತ್ರ ಒಂದೊಂದೇ ಚಾನೆಲ್‌ಗೆ ಹೋಗಿ ಕಿವಿಗೊಡುತ್ತದೆ. ಒಂದೊಂದೇ ಇಳಿಯುವ ನಾಲ್ಕು ಉದ್ದ ಎಲ್ಲಿ ಕೇಳಿಸಿತೋ ಅಲ್ಲಿ ನಿಲ್ಲುತ್ತದೆ. 515 ಇರಬೇಕಾದ ಕಡೆ ತನಗೆ ಎಷ್ಟು ಕೇಳಿಸಿತು ಅಂತ ನೋಡಿ ಹೆಚ್ಚುವರಿಯನ್ನು ಕಳೆಯುತ್ತದೆ. ಕಛೇರಿಗೆ ಮುಂಚೆ ತಂಬೂರಿ ಮೀಟಿ ಷಡ್ಜ ಹಿಡಿಯುವುದೂ ಇದೇ ಅಲ್ವಾ? ಷಡ್ಜ ಸಿಕ್ಕಿದ ಮೇಲೆ ಉಳಿದ ಸ್ವರಗಳ ಜಾಗ ತಾನಾಗೇ ಗೊತ್ತಾಗುತ್ತದೆ.

ಆಮೇಲೆ ಪಾಸ್‌ವರ್ಡ್. ಇಂಗ್ಲಿಷಿನ ಚಿಕ್ಕ ‘ಎ’ ಅಕ್ಷರಕ್ಕೆ ಕಂಪ್ಯೂಟರ್ ಕೊಟ್ಟ ಸಂಖ್ಯೆ 97. ಅದನ್ನು ಹದಿನಾರರ ಲೆಕ್ಕದಲ್ಲಿ ಒಡೆದರೆ 6 ಮತ್ತು 1. ಒಂದು ಪ್ಯಾಕೆಟ್‌ನ ಉದ್ದದಲ್ಲಿ 6, ಇನ್ನೊಂದರಲ್ಲಿ ಇದು ಎಷ್ಟನೇ ಅಕ್ಷರ ಅನ್ನುವುದು, ಮತ್ತೊಂದರಲ್ಲಿ 1. ಜೊತೆಗೆ ತಾಳೆ ನೋಡಲು ಒಂದಿಷ್ಟು ಅಂಕಿ. ಅಕ್ಷರಕ್ಕೆ ಮೂರು ಪ್ಯಾಕೆಟ್. ನಡುವೆ ಯಾವುದಾದರೂ ತಪ್ಪಿಹೋದರೆ ಮುಂದಿನ ಸುತ್ತಿನಲ್ಲಿ ಸಿಗುತ್ತದೆ. ಯಂತ್ರ ‘ಸಿಕ್ಕಿತು’ ಅನ್ನುವವರೆಗೂ ಫೋನ್ ಹೇಳುತ್ತಲೇ ಇರುತ್ತದೆ.

ಹಾಗಾದರೆ ನಮ್ಮ ಮನೆಯಲ್ಲಿ ಯಾಕೆ ಆಗಲಿಲ್ಲ? ಇಂಥ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಒಂದೇ ಕಿವಿ, 2.4 ಗಿಗಾಹರ್ಟ್ಸ್ ಅಲೆ ಮಾತ್ರ ಕೇಳಿಸುವಂಥದ್ದು. ಅದರ ಚಿಪ್ ಅಗ್ಗ. ಗೋಡೆ ದಾಟುವುದರಲ್ಲೂ ಆ ಅಲೆ ಮೇಲು. ಆದರೆ ಈಗಿನ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತವೆ. ರೂಟರ್ ಹತ್ತಿರ ಇರುವ ಫೋನ್ 5ನ್ನೇ ಹಿಡಿಯುತ್ತದೆ. ಫೋನಿನ ಮಾತನ್ನು ರೂಟರ್ 5ರ ಕೇರಿಯಿಂದ 2.4ರ ಕೇರಿಗೆ ದಾಟಿಸಬಹುದು. ಆದರೆ ಇಂಥ ಪ್ಯಾಕೆಟ್‌ಗಳನ್ನು ದಾಟಿಸದ ರೂಟರ್‌ಗಳು ಬೇಕಾದಷ್ಟಿವೆ. ಮೇಲಾಗಿ ಆ್ಯಪ್ ಯಂತ್ರಕ್ಕೆ ಕೊಡುವ ರೂಟರ್ ವಿಳಾಸವೂ 5ರ ಕೇರಿಯದ್ದೇ ಆಗಿರುತ್ತದೆ. ಅಮ್ಮ ಪ್ರತಿ ಸಲವೂ ಹಾಲ್‌ನಲ್ಲಿ, ಟಿವಿ ಪಕ್ಕದ ರೂಟರ್ ಹತ್ತಿರವೇ ನಿಂತು ಸಿಗ್ನಲ್ ಚೆನ್ನಾಗಿರಲಿ ಅಂತ ಪ್ರಯತ್ನ ಮಾಡಿದ್ದರು. ತೊಂದರೆ ಆದದ್ದೇ ಅದರಿಂದ.

ರೂಟರ್ ಸೆಟ್ಟಿಂಗ್‌ಗೆ ಹೋಗಿ 5 ಗಿಗಾಹರ್ಟ್ಸ್ ಅನ್ನು ಸ್ವಲ್ಪ ಹೊತ್ತು ಆಫ್ ಮಾಡಿದೆ. ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಟ್ಟಿರಲಿಲ್ಲ, ಕೊಟ್ಟೆ. ಅದಿಲ್ಲದಿದ್ದರೆ ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್‌ಗೆ ವೈಫೈ ಹೆಸರೇ ಕಾಣುವುದಿಲ್ಲ. ಮತ್ತೆ ಶುರು ಮಾಡಿದೆ. ಈ ಸಲ ಚಕ್ರ ಅರ್ಧಕ್ಕೆ ಬಂದು ನಿಂತಿತು. ತಲೆ ಎತ್ತಿ ನೋಡಿದರೆ ಏರ್ ಫ್ರೈಯರ್‌ಗೆ ಒಂದು ಗೇಣು ದೂರದಲ್ಲಿ ಮೈಕ್ರೋವೇವ್ ಓವನ್ ಓಡುತ್ತಿತ್ತು. ಅಮ್ಮ ಕಾಫಿಗೆ ಹಾಲು ಬಿಸಿ ಮಾಡುತ್ತಿದ್ದರು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ರೇಡಾರ್‌ನ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಹತ್ತಿರ ನಿಂತಿದ್ದಾಗ ಅವರ ಜೇಬಿನಲ್ಲಿದ್ದ ತಿಂಡಿ ಕರಗಿತು. ಮೈಕ್ರೋವೇವ್ ಓವನ್ ಹುಟ್ಟಿದ್ದು ಹಾಗೆ. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ದೇಶಗಳೆಲ್ಲ ಕೂತು ರೇಡಿಯೋ ಅಲೆಗಳನ್ನು ಹಂಚಿಕೊಂಡಾಗ ಬಿಸಿ ಮಾಡುವ ಯಂತ್ರಗಳಂಥವಕ್ಕೆ ಅಲೆಗಳ ಕೆಲವು ಪಟ್ಟಿಗಳನ್ನು (ಬ್ಯಾಂಡ್) ಬಿಟ್ಟುಕೊಟ್ಟರು. 2.45 ಗಿಗಾಹರ್ಟ್ಸ್ ಸುತ್ತಲಿನದು ಅವುಗಳಲ್ಲೊಂದು. ಓವನ್ ಗದ್ದಲದ ನಡುವೆ ಬೇರೆ ಹೆಚ್ಚಿನವರಿಗೆ ಆ ಜಾಗ ಬೇಡವಾಗಿತ್ತು. 1985ರಲ್ಲಿ ಅಮೆರಿಕ ಅಲ್ಲಿ ಲೈಸೆನ್ಸ್ ಇಲ್ಲದೆ ಮಾತಾಡಲು ಬಿಟ್ಟಿತು. 1997ರಲ್ಲಿ ವೈಫೈಯ ಮೊದಲ ಮಾನದಂಡ ಬಂತು. ನಮ್ಮ ದೇಶದಲ್ಲಿ 2.4ರ ಪಟ್ಟಿಗೆ ಲೈಸೆನ್ಸ್ ಬೇಡ ಅಂತ ಆದದ್ದು 2005ರಲ್ಲಿ. ವೈಫೈ ಮನೆ ಕಟ್ಟಿಕೊಂಡದ್ದೇ ಓವನ್‌ನ ಹಿತ್ತಲಿನಲ್ಲಿ.

ಓವನ್ ಒಳಗೆ 800 ವಾಟ್‌ನಷ್ಟು ಅಲೆ ಕುದಿಯುತ್ತಿರುತ್ತದೆ. ಹೊರಗೆ ಸೋರುವುದು ತೀರಾ ಕಡಿಮೆ, ಅದರಿಂದ ನಮಗೆ ಅಪಾಯ ಇಲ್ಲ. ಆದರೆ ಹಾಲ್‌ನಿಂದ ಅಡುಗೆಮನೆಗೆ ಬರುವ ವೈಫೈ ಅದಕ್ಕಿಂತ ಎಷ್ಟೋ ಪಾಲು ಕಡಿಮೆ. ಫೋನ್ ತೋರಿಸುವ ಸಿಗ್ನಲ್ ಬಲ ಮೈನಸ್ 60 ಡಿಬಿಎಂ ಅಂದರೆ ಒಂದು ವಾಟ್‌ನ ನೂರು ಕೋಟಿಯಲ್ಲಿ ಒಂದು ಪಾಲು. ಜಾತ್ರೆಯ ಮೈಕ್ ಪಕ್ಕ ನಿಂತು ಯಾರದೋ ಪಿಸುಮಾತು ಕೇಳಿಸಿಕೊಳ್ಳುವ ಕಷ್ಟ ಅದು. ಹಾಗಿದ್ದರೂ ಚಕ್ರ ಅರ್ಧದವರೆಗೆ ಬಂತಲ್ಲ, ಅದಕ್ಕೂ ಕಾರಣ ಇದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ. ಹಳೇ ಮಾದರಿಯ ಓವನ್‌ನ ಮ್ಯಾಗ್ನೆಟ್ರಾನ್ ಅದರಲ್ಲಿ ಅರ್ಧ ಹೊತ್ತು ಮಾತ್ರ ಕೂಗುತ್ತದೆ. ಸುಮಾರು 10 ಮಿಲಿಸೆಕೆಂಡ್ ಗದ್ದಲ, 10 ಮಿಲಿಸೆಕೆಂಡ್ ಮೌನ. ಆ ಮೌನದಲ್ಲಿ ಒಂದೊಂದು ಪ್ಯಾಕೆಟ್ ನುಸುಳಿ ಬರುತ್ತದೆ.

ಓವನ್‌ನ ಈ ಗದ್ದಲ ದೊಡ್ಡವರನ್ನೂ ಕಾಡಿದೆ. ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿ 64 ಮೀಟರ್ ಅಗಲದ ರೇಡಿಯೋ ದೂರದರ್ಶಕ ಇದೆ. ಅಲ್ಲಿ 1998ರಿಂದಲೂ ಆಗಾಗ ವಿಚಿತ್ರ ಸಂಕೇತಗಳು ಸಿಗುತ್ತಿದ್ದವು. 2015ರಲ್ಲಿ ಗುಟ್ಟು ಬಯಲಾಯಿತು. ಅಲ್ಲಿನ ಸಿಬ್ಬಂದಿ ಊಟ ಬಿಸಿ ಮಾಡುವಾಗ ಓವನ್ ನಿಲ್ಲುವ ಮೊದಲೇ ಬಾಗಿಲು ತೆಗೆಯುತ್ತಿದ್ದರು. ಆ ಒಂದು ಕ್ಷಣದಲ್ಲಿ ಹೊರಬಿದ್ದ ಅಲೆ ಅದು. ಅವರು ದೆವ್ವ ಅನ್ನಲಿಲ್ಲ, ಆಕಾಶದ ಮಹಾ ರಹಸ್ಯ ಅಂತ ಕುಣಿಯಲೂ ಇಲ್ಲ. ಓವನ್ ಬಾಗಿಲನ್ನು ಮತ್ತೆ ಮತ್ತೆ ತೆಗೆದು ಹಾಕಿ ನೋಡಿದರು. ಆ ತಾಳ್ಮೆ ನನಗೆ ತುಂಬಾ ಇಷ್ಟ.

ಹಾಲು ಬಿಸಿಯಾಯಿತು, ಓವನ್ ನಿಂತಿತು. ಸ್ಟೀಲ್ ಡಬ್ಬಿಗಳ ಸಾಲಿನ ಹಿಂದಿದ್ದ ಏರ್ ಫ್ರೈಯರನ್ನು ಒಂದಡಿ ಮುಂದಕ್ಕೆ ಎಳೆದೆ. ಮುಕ್ಕಾಲು ನಿಮಿಷದಲ್ಲಿ ನೀಲಿ ದೀಪ ಮಿಟುಕುವುದನ್ನು ಬಿಟ್ಟು ನಿಂತುಕೊಂಡಿತು. ಯಂತ್ರ ವೈಫೈಗೆ ಸೇರಿತ್ತು.

ಕಾಫಿ ಕುಡಿಯುತ್ತಾ ಅಮ್ಮನಿಗೆ ಕುಕ್ಕರ್ ಕೂಗಿನ ಕತೆ ಪೂರ್ತಿ ಹೇಳಿದೆ. ಅಮ್ಮ ಲೋಟ ಕೆಳಗಿಟ್ಟು ಕೇಳಿದರು, “ಅಲ್ವೋ ಮಾರಾಯ, ಹಾಗಾದ್ರೆ ಆ ಕೂಗು ಬೀದಿಯಲ್ಲಿ ಇರೋರಿಗೂ ಕೇಳ್ಸಿರತ್ತಲ್ಲ?”

ಕೇಳಿಸಿರುತ್ತದೆ. ಬೇಲಿ ಆಚೆ ಯಾರಾದರೂ ಲ್ಯಾಪ್‌ಟಾಪ್ ಹಿಡಿದು ಕೂತಿದ್ದರೆ ಅವರೂ ಉದ್ದ ಅಳೆದು ಪಾಸ್‌ವರ್ಡ್ ಬರೆದುಕೊಳ್ಳಬಹುದಿತ್ತು. ಈ ವಿಧಾನದ ನಿಜವಾದ ಬಲಹೀನತೆ ಇದೇ. ವೈಫೈಗೆ ಸೇರುವವರೆಗೆ ಯಂತ್ರ ಬರೀ ಕೇಳುತ್ತದೆ, ಮಾತಾಡುವುದಿಲ್ಲ. ಇಬ್ಬರೂ ಮಾತಾಡಿಕೊಂಡರೆ ತಾನೇ ಒಂದು ಗುಟ್ಟನ್ನು ಗೊತ್ತುಮಾಡಿಕೊಳ್ಳಬಹುದು? ಈ ವಿಧಾನದ ಹೊಸ ಆವೃತ್ತಿಗಳಲ್ಲಿ ಪಾಸ್‌ವರ್ಡನ್ನು ಮೊದಲು ಗುಪ್ತಲಿಪಿಗೆ ಬದಲಿಸಿ ಆಮೇಲೆ ಉದ್ದಕ್ಕೆ ಇಳಿಸುವ ಏರ್ಪಾಡಿದೆ. ಬ್ಲೂಟೂತ್ ಮೂಲಕ ಕೊಡುವ ಯಂತ್ರಗಳೂ ಬಂದಿವೆ. ನಮ್ಮದು ಯಾವುದು ಅಂತ ಡಬ್ಬದ ಮೇಲೆ ಬರೆದಿರಲಿಲ್ಲ.

ಅದೇ ಸಂಜೆ ವೈಫೈ ಪಾಸ್‌ವರ್ಡ್ ಬದಲಿಸಿದೆ. ಯಂತ್ರಕ್ಕೆ ಮತ್ತೆ ಹೊಸದಾಗಿ ಹೇಳಿಕೊಡಬೇಕಾಯಿತು. ಈ ಸಲ ಎರಡನೇ ದಾರಿ ಹಿಡಿದೆ. ಬಟನ್ ಒತ್ತಿ ಹಿಡಿದಾಗ ದೀಪ ನಿಧಾನವಾಗಿ ಮಿಟುಕತೊಡಗಿತು. ಅಂದರೆ ಯಂತ್ರ ತಾನೇ ಒಂದು ಪುಟ್ಟ ವೈಫೈ ಆಯಿತು. ಫೋನನ್ನು ನೇರ ಅದಕ್ಕೇ ಸೇರಿಸಿದೆ. ಆ ವೈಫೈಗೆ ಇಂಟರ್‌ನೆಟ್ ಇಲ್ಲ. ಹಾಗಾಗಿ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹಾರಿಬಿಡುತ್ತದೆ, ತುಂಬಾ ಜನ ಸೋಲುವುದು ಇಲ್ಲೇ. ಮೊಬೈಲ್ ಡೇಟಾ ಆಫ್ ಮಾಡಿದೆ. ಇಂಟರ್‌ನೆಟ್ ಇಲ್ಲದಿದ್ದರೂ ಇಲ್ಲೇ ಇರು ಅಂತ ಫೋನಿಗೆ ಒಪ್ಪಿಗೆ ಕೊಟ್ಟೆ. ಇಬ್ಬರೂ ಎದುರುಬದುರು ಮಾತಾಡಿಕೊಂಡರು. ಉದ್ದದ ಆಟ ಬೇಕಾಗಲಿಲ್ಲ. ಆಮೇಲೆ 5 ಗಿಗಾಹರ್ಟ್ಸ್ ಮತ್ತೆ ಆನ್ ಮಾಡಿದೆ. ಒಮ್ಮೆ ಸೇರಿದ ಮೇಲೆ ಫೋನ್ ಯಾವ ಕೇರಿಯಲ್ಲಿದ್ದರೂ ತೊಂದರೆಯಿಲ್ಲ.

ಅಮ್ಮ ಬೆಂಡೆಕಾಯಿ ಹಾಕಿ 14 ನಿಮಿಷ ಇಟ್ಟು ಹಿತ್ತಲಿಗೆ ಹೋದರು. ನಾನು ಅಡುಗೆಮನೆಯಲ್ಲೇ ನಿಂತಿದ್ದೆ. ಯಂತ್ರ ಬೀಪ್ ಅಂದಿತು. ಹಿಂದಿನ ಬಾಗಿಲಿನಿಂದ ಅಮ್ಮನ ದನಿ ಬಂತು, “ಹ್ಞಾ, ಬಂತು ಬಂತು!”