ವಿಮಾನ ಕಂಪನಿಗಳು ಒಂದಾದಾಗ ಪೈಲಟ್‌ಗಳ ಸೀನಿಯಾರಿಟಿ: ಯುಎಸ್ ಏರ್‌ವೇಸ್ ಪ್ರಕರಣದ ಅಧ್ಯಯನ ಟಿಪ್ಪಣಿ

ಎರಡು ವಿಮಾನ ಕಂಪನಿಗಳು ವಿಲೀನವಾಗುತ್ತವೆ ಎಂಬ ಸುದ್ದಿ ಬಂದರೆ, ಒಂದು ಕಡೆ ಆಡಳಿತ, ಇನ್ನೊಂದು ಕಡೆ ಪೈಲಟ್ ಸಂಘ ಎಂದು ನಾವು ಚಿತ್ರ ಬರೆದುಕೊಳ್ಳುತ್ತೇವೆ. ಅಮೆರಿಕದ ಯುಎಸ್ ಏರ್‌ವೇಸ್ ಪ್ರಕರಣ ಓದುವಾಗ ಈ ಚಿತ್ರ ಪಕ್ಕಕ್ಕಿಡಿ. ಅಲ್ಲಿ ಹತ್ತು ವರ್ಷ ನಡೆದ ಜಗಳ ಪೈಲಟ್‌ಗಳಿಗೂ ಪೈಲಟ್‌ಗಳಿಗೂ ನಡೆದದ್ದು. ಅಷ್ಟು ಕಾಲ ಎಳೆದದ್ದಕ್ಕೆ ಕಾರಣ ಒಂದು ಕಾಗದದಲ್ಲಿದ್ದ ಷರತ್ತು. ಅಲ್ಲಿಗೆ ಆಮೇಲೆ ಬರೋಣ.

ಮೊದಲು ಸೀನಿಯಾರಿಟಿ ಅಂದರೇನು ಎಂಬುದು ಗಟ್ಟಿಯಾಗಬೇಕು. ನಮ್ಮ ಸರ್ಕಾರಿ ಕಚೇರಿಗಳ ಜ್ಯೇಷ್ಠತಾ ಪಟ್ಟಿ ಬಡ್ತಿ ಹೊತ್ತಿಗೆ ಎಷ್ಟು ಕಾವೇರುತ್ತದೆ ಎಂದು ಗೊತ್ತಿರುವವರಿಗೆ ಅರ್ಧ ಪಾಠ ಆದಂತೆಯೇ. ಆದರೆ ಅಮೆರಿಕದ ಪೈಲಟ್‌ಗೆ ಆ ಪಟ್ಟಿ ಬಡ್ತಿಗಿಂತ ದೊಡ್ಡದು. ಯಾವ ಊರಿನಿಂದ ಹಾರುವುದು, ಯಾವ ವಿಮಾನ, ಕ್ಯಾಪ್ಟನ್ ಸೀಟೋ ಫಸ್ಟ್ ಆಫೀಸರ್ ಸೀಟೋ, ಈ ತಿಂಗಳು ಯಾವ ಟ್ರಿಪ್, ಹಬ್ಬಕ್ಕೆ ರಜೆ ಸಿಗುತ್ತದೋ ಇಲ್ಲವೋ, ಎಲ್ಲವೂ ಆ ಒಂದು ಸಂಖ್ಯೆಯ ಮೇಲೆ. ಕಂಪನಿ ಜನ ಕಡಿಮೆ ಮಾಡಿದರೆ ಪಟ್ಟಿಯ ಕೆಳಗಿನಿಂದ ಮನೆಗೆ ಕಳಿಸುತ್ತದೆ. ಇದಕ್ಕೆ ಫರ್ಲೋ ಎನ್ನುತ್ತಾರೆ. ಕೆಲಸ ಇಲ್ಲ, ಸಂಬಳ ಇಲ್ಲ, ಆದರೆ ಪಟ್ಟಿಯಲ್ಲಿ ಹೆಸರು ಉಳಿದಿರುತ್ತದೆ, ಜಾಗ ಬಂದಾಗ ಕರೆಯುತ್ತಾರೆ. ಬೇರೆ ಕಂಪನಿಗೆ ಹೋದರಾಯಿತಲ್ಲ ಎನ್ನುವಂತಿಲ್ಲ. ಇಪ್ಪತ್ತು ವರ್ಷ ಹಾರಿದವನೂ ಹೊಸ ಕಂಪನಿಯಲ್ಲಿ ಎಲ್ಲರಿಗಿಂತ ಕೆಳಗಿನಿಂದಲೇ ಶುರು ಮಾಡಬೇಕು.

ಈಗ ಪ್ರಕರಣ. 2005ರ ಮೇ ತಿಂಗಳಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕಾ ವೆಸ್ಟ್ ಒಂದಾಗುವುದಾಗಿ ಪ್ರಕಟಿಸಿದವು. ಸೆಪ್ಟೆಂಬರ್‌ನಲ್ಲಿ ವಿಲೀನ ಮುಗಿಯಿತು. ಯುಎಸ್ ಏರ್‌ವೇಸ್ ಹಳೆಯದು, ದೊಡ್ಡದು. ಫಿಲಡೆಲ್ಫಿಯಾ, ಷಾರ್ಲಟ್ ಕಡೆಯದು. ಆದರೆ 2002ರಲ್ಲಿ ಒಮ್ಮೆ, 2004ರಲ್ಲಿ ಮತ್ತೊಮ್ಮೆ ದಿವಾಳಿ ಕೋರ್ಟಿಗೆ ಹೋಗಿತ್ತು. ಅದರ ಪಟ್ಟಿಯಲ್ಲಿದ್ದ ಸುಮಾರು ಐದು ಸಾವಿರ ಪೈಲಟ್‌ಗಳಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಮಂದಿ ಫರ್ಲೋ ಮೇಲೆ ಮನೆಯಲ್ಲಿದ್ದರು. ಅಮೆರಿಕಾ ವೆಸ್ಟ್ ಅರಿಜೋನಾದ್ದು, 1983ರಲ್ಲಿ ಹಾರಾಟ ಶುರು ಮಾಡಿದ್ದು. ಪೈಲಟ್‌ಗಳು ಎರಡು ಸಾವಿರದೊಳಗೆ, ವಯಸ್ಸಿನಲ್ಲೂ ಸೇವೆಯಲ್ಲೂ ಕಿರಿಯರು. ಹೊಸ ಕಂಪನಿ ಯುಎಸ್ ಏರ್‌ವೇಸ್ ಹೆಸರನ್ನೇ ಇಟ್ಟುಕೊಂಡಿತು. ಮುಖ್ಯಸ್ಥರಾದದ್ದು ಅಮೆರಿಕಾ ವೆಸ್ಟ್‌ನ ಡಗ್ ಪಾರ್ಕರ್. ಪೈಲಟ್‌ಗಳು ಮಾತ್ರ ತಮ್ಮನ್ನು ‘ಈಸ್ಟ್’, ‘ವೆಸ್ಟ್’ ಎಂದೇ ಕರೆದುಕೊಂಡರು. ಇಬ್ಬರದೂ ಒಂದೇ ಸಂಘ, ಆಲ್ಪಾ.

ಎರಡು ಪಟ್ಟಿ ಸೇರಿಸುವುದು ಯಾಕೆ ಅಷ್ಟು ಕಷ್ಟ? ನಾನು ಅರ್ಥ ಮಾಡಿಕೊಳ್ಳಲು ಹಾಕಿಕೊಂಡ ಸಣ್ಣ ಲೆಕ್ಕ ಇಲ್ಲಿದೆ. ಈಸ್ಟ್‌ನಲ್ಲಿ ಆರು ಜನ, 1985ರಿಂದ 1990ರವರೆಗೆ ವರ್ಷಕ್ಕೊಬ್ಬರಂತೆ ಸೇರಿದವರು; ಕೊನೆಯ ಇಬ್ಬರು ಫರ್ಲೋ ಮೇಲೆ. ವೆಸ್ಟ್‌ನಲ್ಲಿ ಇಬ್ಬರು: 1996ರಲ್ಲಿ ಸೇರಿದ ಕ್ಯಾಪ್ಟನ್, 2004ರಲ್ಲಿ ಸೇರಿದ ಫಸ್ಟ್ ಆಫೀಸರ್. ಸೇರಿದ ದಿನಾಂಕದ ಪ್ರಕಾರ ಪಟ್ಟಿ ಮಾಡಿದರೆ ಆರೂ ಜನ ಈಸ್ಟ್‌ನವರು ಮೇಲೆ. ವೆಸ್ಟ್ ಕ್ಯಾಪ್ಟನ್ ಏಳನೆಯವರು, ಅವರ ಜೊತೆಗಾರ ಎಂಟನೆಯವರು. ನಾಳೆ ಕಂಪನಿ ಇಬ್ಬರನ್ನು ಕಳಿಸಿದರೆ ನಿನ್ನೆಯವರೆಗೆ ಭದ್ರವಾಗಿದ್ದ ವೆಸ್ಟ್‌ನವರೇ ಹೊರಗೆ. ಅನುಪಾತದ ಪ್ರಕಾರ ಮಾಡಿದರೆ, ಕೆಲಸದಲ್ಲಿರುವ ಈಸ್ಟ್‌ನ ಇಬ್ಬರಿಗೆ ವೆಸ್ಟ್‌ನ ಒಬ್ಬರು. ಫರ್ಲೋ ಆದ ಇಬ್ಬರು ಕೊನೆಗೆ. ಆಗ 1989ರಲ್ಲಿ ಸೇರಿದವರು 2004ರಲ್ಲಿ ಸೇರಿದವರ ಕೆಳಗೆ ನಿಲ್ಲುತ್ತಾರೆ. ಎರಡೂ ಪಟ್ಟಿಯನ್ನು ಒಮ್ಮೆ ಕೈಯಾರೆ ಬರೆದು ನೋಡಿ. ಯಾವುದರಲ್ಲೂ ಎಲ್ಲರಿಗೂ ನ್ಯಾಯ ಕಾಣುವುದಿಲ್ಲ.

ಆಲ್ಪಾ ನಿಯಮದಂತೆ ಮೊದಲು ಮಾತುಕತೆ, ಆಮೇಲೆ ಮಧ್ಯಸ್ಥಿಕೆ, ಅದೂ ಆಗದಿದ್ದರೆ ಪಂಚಾಯಿತಿ ತೀರ್ಪು. ಅದು ಹೊರಗಿನ ತೀರ್ಪುಗಾರರು ಕೊಡುವ, ಇಬ್ಬರನ್ನೂ ಕಟ್ಟಿಹಾಕುವ ತೀರ್ಪು. 2007ರ ಮೇ ತಿಂಗಳಲ್ಲಿ ತೀರ್ಪುಗಾರ ಜಾರ್ಜ್ ನಿಕೊಲಾವ್ ಅದನ್ನು ಕೊಟ್ಟರು. ದೊಡ್ಡ ಅಂತರರಾಷ್ಟ್ರೀಯ ವಿಮಾನಗಳು ಈಸ್ಟ್‌ನಲ್ಲಿ ಮಾತ್ರ ಇದ್ದುದರಿಂದ ಈಸ್ಟ್‌ನ 517 ಹಿರಿಯರನ್ನು ಮೇಲಿಟ್ಟರು. ಉಳಿದವರನ್ನು ಅನುಪಾತದಲ್ಲಿ ಹೆಣೆದು, ಫರ್ಲೋ ಆದವರನ್ನು ಕೆಳಗಿಟ್ಟರು. ಮುಳುಗುತ್ತಿದ್ದ ಕಂಪನಿಯಲ್ಲಿ ಕೆಲಸವೇ ಇಲ್ಲದಿದ್ದವನ ನಿರೀಕ್ಷೆಯನ್ನು ಕೆಲಸದಲ್ಲಿದ್ದವನ ನಿರೀಕ್ಷೆಗೆ ಸಮ ಎನ್ನಲಾಗದು ಎಂಬುದು ಅವರ ತರ್ಕ. ಹದಿನೈದು ವರ್ಷಕ್ಕೂ ಮೀರಿದ ಸೇವೆಯಿದ್ದ ಈಸ್ಟ್‌ನವರು, ಕೆಲವೇ ತಿಂಗಳ ಸೇವೆಯ ವೆಸ್ಟ್‌ನವರ ಕೆಳಗೆ ಬಂದರು. ತರ್ಕ ನನಗೆ ಒಪ್ಪಿಗೆಯಾಗುತ್ತದೆ. ಆ ಹದಿನೈದು ವರ್ಷದ ಸಂಕಟವೂ ಅಷ್ಟೇ ಅರ್ಥವಾಗುತ್ತದೆ.

ಇನ್ನು ಆ ಷರತ್ತು. ವಿಲೀನದ ಹೊತ್ತಿಗೆ ಸಂಘ ಮತ್ತು ಕಂಪನಿ ಸಹಿ ಹಾಕಿದ ಒಪ್ಪಂದದ ಪ್ರಕಾರ, ಪಟ್ಟಿ ಜಾರಿಗೆ ಬರುವುದು ಎರಡೂ ಬಣಕ್ಕೆ ಸೇರಿ ಒಂದೇ ವೇತನ ಒಪ್ಪಂದ ಆದ ಮೇಲೆ. ಅಂದರೆ ತೀರ್ಪು ಹಿಡಿಸದವರು ಅದನ್ನು ಕೋರ್ಟಿನಲ್ಲಿ ಗೆಲ್ಲಬೇಕಾಗಿಲ್ಲ. ವೇತನ ಒಪ್ಪಂದಕ್ಕೆ ಒಪ್ಪದಿದ್ದರೆ ಸಾಕು. ಈಸ್ಟ್ ಮಾಡಿದ್ದು ಅದನ್ನೇ. ಅಷ್ಟಕ್ಕೆ ನಿಲ್ಲದೆ, ಸೇರಿದ ದಿನಾಂಕವೇ ಆಧಾರ ಎಂದು ಸಾರುವ ಯುಸಾಪಾ ಎಂಬ ಹೊಸ ಸಂಘ ಕಟ್ಟಿ, 2008ರ ಏಪ್ರಿಲ್ ಚುನಾವಣೆಯಲ್ಲಿ ಆಲ್ಪಾವನ್ನು ಹೊರಹಾಕಿದರು. ಸಂಖ್ಯೆಯಲ್ಲಿ ಕಡಿಮೆಯಿದ್ದ ವೆಸ್ಟ್‌ನವರಿಗೆ ಉಳಿದದ್ದು ಕೋರ್ಟ್ ಒಂದೇ.

ಅಲ್ಲಿ ಅವರ ಆಧಾರ ‘ನ್ಯಾಯಯುತ ಪ್ರಾತಿನಿಧ್ಯದ ಕರ್ತವ್ಯ’. 1944ರ ಸ್ಟೀಲ್ ಪ್ರಕರಣದಲ್ಲಿ, ಕಪ್ಪು ಜನಾಂಗದ ರೈಲ್ವೆ ನೌಕರರನ್ನು ತುಳಿದ ಸಂಘದ ವಿರುದ್ಧ ಅಮೆರಿಕದ ಸುಪ್ರೀಂ ಕೋರ್ಟ್ ರೂಪಿಸಿದ ತತ್ವ ಇದು: ಎಲ್ಲರ ಪರವಾಗಿ ಮಾತಾಡುವ ಏಕೈಕ ಹಕ್ಕು ಪಡೆದ ಸಂಘ, ಅಲ್ಪಸಂಖ್ಯೆಯವರನ್ನೂ ನ್ಯಾಯವಾಗಿ ನೋಡಬೇಕು. ವಿಮಾನ ಕಂಪನಿಗಳೂ 1936ರಿಂದ ಅದೇ ರೈಲ್ವೆ ಕಾರ್ಮಿಕ ಕಾಯ್ದೆಯಡಿ ಇರುವುದರಿಂದ ಇಲ್ಲಿಗೂ ಅನ್ವಯ. 2009ರಲ್ಲಿ ಫೀನಿಕ್ಸ್‌ನ ಜ್ಯೂರಿ ವೆಸ್ಟ್ ಪರ ನಿಂತಿತು. 2010ರಲ್ಲಿ ಮೇಲ್ಮನವಿ ಕೋರ್ಟ್, ವೇತನ ಒಪ್ಪಂದವೇ ಆಗಿಲ್ಲ, ಹಾನಿ ಇನ್ನೂ ಖಚಿತವಿಲ್ಲ ಎಂದು ಅದನ್ನು ತಳ್ಳಿಹಾಕಿತು. 2015ರಲ್ಲಿ ಅದೇ ಕೋರ್ಟ್, ಯುಸಾಪಾ ಕರ್ತವ್ಯ ಮುರಿದದ್ದು ನಿಜ ಎಂದಿತು.

ಆಡಳಿತದ ಪಾತ್ರವನ್ನು ಇಲ್ಲಿ ಎಚ್ಚರದಿಂದ ಓದಬೇಕು. ಪಟ್ಟಿ ಪೈಲಟ್‌ಗಳ ಒಳಗಿನ ವಿಷಯ ಎಂಬುದು ಅದರ ನಿಲುವು. ಯಾವ ಪಟ್ಟಿ ಒಪ್ಪಿದರೂ ಇನ್ನೊಂದು ಬಣ ದಾವೆ ಹೂಡುವ ಭಯ ಅದಕ್ಕೆ ಇತ್ತು. 2010ರಲ್ಲಿ ಕಂಪನಿಯೇ ದಾರಿ ಕೇಳಿ ಕೋರ್ಟಿಗೆ ಹೋಯಿತು. ಆದರೆ ಹೊಸ ವೇತನ ಒಪ್ಪಂದ ಆಗದಷ್ಟು ಕಾಲವೂ ಈಸ್ಟ್‌ನವರು ದಿವಾಳಿ ಕಾಲದ ಕಡಿತದ ಸಂಬಳದಲ್ಲೇ ಹಾರಿದರು ಎಂಬುದನ್ನು ಮರೆಯಬಾರದು. ಒಂದೇ ಬಣ್ಣದ ವಿಮಾನಗಳಲ್ಲಿ, ಎರಡು ಪಟ್ಟಿ, ಎರಡು ಒಪ್ಪಂದ. ಈಸ್ಟ್ ಕ್ಯಾಪ್ಟನ್ ಪಕ್ಕದಲ್ಲಿ ವೆಸ್ಟ್ ಫಸ್ಟ್ ಆಫೀಸರ್ ಕೂರುವಂತಿರಲಿಲ್ಲ.

ಹೋಲಿಕೆಗೆ ಡೆಲ್ಟಾ–ನಾರ್ತ್‌ವೆಸ್ಟ್ ನೋಡಿ. 2008ರ ಆರಂಭದಲ್ಲಿ ಅಲ್ಲಿಯೂ ಪೈಲಟ್‌ಗಳ ಪಟ್ಟಿ ಮಾತುಕತೆ ಮುರಿದುಬಿತ್ತು. ಆದರೂ ಏಪ್ರಿಲ್ 14ರಂದು ಕಂಪನಿಗಳು ವಿಲೀನ ಪ್ರಕಟಿಸಿದವು. ಮುಂದಿನ ಹೆಜ್ಜೆಯಲ್ಲಿ ಕ್ರಮ ಬದಲಾಯಿತು. ಮೊದಲು ಎರಡೂ ಬಣಕ್ಕೆ ಒಂದೇ ವೇತನ ಒಪ್ಪಂದ, ಅಕ್ಟೋಬರ್‌ನಲ್ಲಿ ವಿಲೀನ, ಡಿಸೆಂಬರ್‌ನಲ್ಲಿ ಪಟ್ಟಿಯ ತೀರ್ಪು. ತೀರ್ಪು ಬಂದಾಗ ತಡೆಹಿಡಿಯಲು ಯಾರ ಕೈಯಲ್ಲೂ ಏನೂ ಉಳಿದಿರಲಿಲ್ಲ. ಪರೀಕ್ಷೆಗೆ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದುವುದು ಒಳ್ಳೆಯದು.

ಈ ನಡುವೆ ಕಾನೂನೂ ಬಂತು. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್, ಮಿಸೌರಿ ರಾಜ್ಯದ ವಿಮಾನ ಕಂಪನಿ ಟಿಡಬ್ಲ್ಯೂಎಯನ್ನು ಕೊಂಡಾಗ ಅಲ್ಲಿನ ಗಗನಸಖಿಯರನ್ನು ಪಟ್ಟಿಯ ಬುಡಕ್ಕೆ ತಳ್ಳಲಾಗಿತ್ತು. ಅದರ ನೋವಿನಿಂದ ಮಿಸೌರಿಯ ಇಬ್ಬರು ಸೆನೆಟರ್‌ಗಳು ತಂದ ಮೆಕ್ಯಾಸ್ಕಿಲ್–ಬಾಂಡ್ ತಿದ್ದುಪಡಿ 2007ರ ಡಿಸೆಂಬರ್‌ನಲ್ಲಿ ಜಾರಿಯಾಯಿತು: ಪಟ್ಟಿ ಸೇರಿಸುವುದು ನ್ಯಾಯವಾಗಿ ಇರಬೇಕು, ಒಪ್ಪಿಗೆ ಆಗದಿದ್ದರೆ ಪಂಚಾಯಿತಿಗೆ ಹೋಗಬೇಕು.

ಯುಎಸ್ ಏರ್‌ವೇಸ್ 2013ರ ಡಿಸೆಂಬರ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಸೇರಿತು. ಈಸ್ಟ್, ವೆಸ್ಟ್, ಅಮೆರಿಕನ್, ಮೂರೂ ಬಣಗಳ ಒಂದೇ ಪಟ್ಟಿಯ ತೀರ್ಪು ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ. 2005ರಲ್ಲಿ ಐವತ್ತರ ಮಧ್ಯದಲ್ಲಿದ್ದ ಪೈಲಟ್‌ಗಳು ಅಷ್ಟರಲ್ಲಿ ನಿವೃತ್ತರಾಗಿದ್ದರು, ಒಂದೇ ಒಂದು ದಿನವೂ ಒಂದಾದ ಪಟ್ಟಿಯಲ್ಲಿ ಹಾರದೆ.